ಬೆಳಕಿಂಡಿಯಿಂದ ಇಳಿದವನು

"ಈ ಮನಿಯಾಗ ಕಳ್ಳರಕಿಂತ ಮನಿಯವ್ರೇ ಹುಷಾರಿರಬೇಕು ತಮ್ಮಾ," ಎಂದು ಗುರುಶಾಂತಮ್ಮ ಹೇಳಿದಾಗ, ಶಿವಪ್ರಕಾಶ ಡ್ರಿಲ್ಲಿನ ಸದ್ದು ನಿಲ್ಲಿಸುವಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ. ತಲೆಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ನಿಂತು, ಕ್ಯಾಮರಾ ಕೂಡಿಸಲು ಕಲ್ಲು ಕೊರೆಯುತ್ತಿದ್ದ. ಕಲ್ಲಿನ ಹಿಟ್ಟು ಕೆಳಗೆ ನಿಂತ ಮುದುಕಿಯ ಸೆರಗಿನ ಮೇಲೆ ಉದುರುತ್ತಿತ್ತು. ಪಕ್ಕದ ಮನೆಯ ಆ ಹೆಂಗಸು ಸೆರಗು ಝಾಡಿಸಿಕೊಂಡು, ಯಂತ್ರಕ್ಕಿಂತ ದೊಡ್ಡ ದನಿ ತೆಗೆದು, ಹೇಳಬೇಕೆಂದು ಬಂದದ್ದನ್ನು ಹೇಳಿಯೇ ತೀರಿದಳು.

ಶಿವಪ್ರಕಾಶನಿಗೆ ಈ ಮನೆ ಮಾರಿ ಕಲಬುರಗಿ ಸೇರಿದ್ದ ಕಲ್ಲಿನಾಥನ ಮುತ್ತಜ್ಜನ ಕಾಲದಲ್ಲಿ ನರೋಣದ ಸುತ್ತ ದರೋಡೆಕೋರರ ಕಾಟ ಬಹಳವಿತ್ತಂತೆ. ಆಗ ಆತ ಭೀಮಾ ದಂಡೆಯ ಕಡೆಯಿಂದ ಒಬ್ಬ ಮಾಟಗಾರನನ್ನು ಕರೆಸಿ, ಹೊಸ್ತಿಲ ಕೆಳಗೆ ಏನನ್ನೋ ಹೂಳಿಸಿ, ಮನೆಗೆ ಬಂಧನ ಹಾಕಿಸಿದ್ದ. ಹೂಳಿದ್ದು ಏನೆಂದು ಯಾರೂ ಕಂಡಿಲ್ಲ. ಹೂಳುವಾಗ ಅದು ಬಟ್ಟೆಯೊಳಗೆ ಮಿಸುಕುತ್ತಿತ್ತು ಎಂದಷ್ಟೇ ಮಾತು ಉಳಿದಿತ್ತು. ಅಂದಿನಿಂದ ಹೊಸ್ತಿಲು ದಾಟಿ ಬಂದವನು ಆ ಮನೆಗೆ ಬೇಕಾದವನು, ಬೀಗನಾಗಲಿ, ಭಿಕ್ಷೆಯವನಾಗಲಿ. ಹೊಸ್ತಿಲು ಬಿಟ್ಟು ಬೇರೆ ದಾರಿಯಿಂದ ಒಳಗಿಳಿದವನು ಕಳ್ಳ, ಯಾರೇ ಆಗಲಿ. ಹಾಗೆ ಇಳಿದವನು ಒಳಗೆ ಮುಟ್ಟಿದ್ದು ಯಾವುದೂ ಅವನದಾಗುವುದಿಲ್ಲ.

ಶಿವಪ್ರಕಾಶ ಆಗ ಡ್ರಿಲ್ಲು ನಿಲ್ಲಿಸಿದ. ನಗುವುದಕ್ಕೆ.

"ಕಳ್ಳಗ ಆಗದಿದ್ರ ಛಲೋನೇ ಆತಲ್ಲ ಆಯಿ."

"ಕಳ್ಳಂದು ಹೋಗೂದೇನದ? ಅವಂದು ಅಲ್ಲಿ ಏನೂ ಇರಂಗಿಲ್ಲ. ಬರಿಗೈಲೆ ಬಂದಿದ್ದ, ಬರಿಗೈಲೆ ಹೋಗ್ತಾನ. ಮನಿಯಾಂವ ಹಂಗ ಇಳದ್ರ ಅವಂದು ಇದ್ದದ್ದೂ ಹೋಗ್ತದ."

"ಮಾಟಕ್ಕ ವಾರಂಟಿ ಎಷ್ಟು ವರ್ಷ ಕೊಟ್ಟಾರ?"

"ನಿನ್ನ ಡಬ್ಬಿಗಿ ಎಷ್ಟು ಕೊಟ್ಟಾರ?"

"ಎರಡು."

"ಇದಕ್ಕ ಹೇಳೇ ಇಲ್ಲ. ಅದಕ್ಕೇ ಅಂಜಿಕಿ," ಎಂದು ಮುದುಕಿ ತನ್ನ ಬಾಗಿಲಿಗೆ ತಿರುಗಿದಳು. ಆ ಬಾಗಿಲಿಗೆ ಚಿಲಕವೂ ಸರಿಯಾಗಿರಲಿಲ್ಲ. ಹಗಲೆಲ್ಲ ತೆರೆದೇ ಇರುತ್ತಿತ್ತು, ಕೋಳಿಗಳು ಯಜಮಾನರಂತೆ ಒಳಗೆ ಹೊರಗೆ ತಿರುಗುತ್ತಿದ್ದವು. ಅದನ್ನು ನೋಡಿದಾಗಲೆಲ್ಲ ಶಿವಪ್ರಕಾಶ ಮುಖ ತಿರುಗಿಸುತ್ತಿದ್ದ. ಕದಿಯಲು ಏನೂ ಇಲ್ಲದವರ ಧೈರ್ಯ ಎಂದುಕೊಳ್ಳುತ್ತಿದ್ದ.

ಅವನಿಗೆ ಆಳಂದದಲ್ಲಿ ಬೀಗ, ಕ್ಯಾಮರಾಗಳ ಅಂಗಡಿಯಿತ್ತು. ಬಸವಣ್ಣನ ಒಕ್ಕಲು ನಾವು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಜಾತಿಯಲ್ಲ ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಮಾಟವನ್ನು ನಂಬುವವರು ಒಂದು ಕಡೆ, ಪಕ್ಕದ ಮನೆಯವರನ್ನು ನಂಬುವವರು ಇನ್ನೊಂದು ಕಡೆ. ಇಬ್ಬರೂ ಅವನ ಪಾಲಿಗೆ ಒಂದೇ ತೂಕದ ಮೂರ್ಖರು.

ಅವನು ಹೀಗಾಗಲು ಕಾರಣವಿತ್ತು. ಮುಂಚೆ ಅಫಜಲಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ, ಗಂಡ ಹೆಂಡತಿ ಮಗಳೊಂದಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಕಳ್ಳತನವಾಗಿತ್ತು. ಹೋದದ್ದು ದೊಡ್ಡದೇನಲ್ಲ. ಆದರೆ ಬಂದವನು ಅವಸರ ಮಾಡಿರಲಿಲ್ಲ. ಗಡಿಗೆಯ ಮೊಸರು ತಿಂದಿದ್ದ. ಮಗಳು ಸೃಷ್ಟಿಯ ಹಾಸಿಗೆಯ ಮೇಲೆ ಅಡ್ಡಾಗಿದ್ದ. ಅವಳ ಪುಟ್ಟ ದಿಂಬಿನ ಮೇಲೆ ಅವನ ತಲೆಯೆಣ್ಣೆಯ ಕಲೆ ಮೂಡಿತ್ತು. ಶಿವಪ್ರಕಾಶ ಆ ದಿಂಬನ್ನು ಹಿತ್ತಲಿಗೊಯ್ದು ಸುಟ್ಟ. ಹತ್ತಿ ಉರಿಯುವ ವಾಸನೆ ಅವನ ಮೂಗಿನಿಂದ ಮತ್ತೆ ಹೋಗಲಿಲ್ಲ. ಅಪರಿಚಿತನೊಬ್ಬನ ಕೈ ನನ್ನ ಮಗಳ ಹತ್ತಿರ ಸುಳಿಯಬಾರದು. ಮುಂದೆ ಅವನು ಮಾಡಿದ್ದೆಲ್ಲ ಇದೊಂದಕ್ಕಾಗಿ.

ನರೋಣದ ಈ ಮನೆಯನ್ನು ಕೊಂಡದ್ದೂ ಅದರ ಗೋಡೆಗಳನ್ನು ನೋಡಿ. ತೋಳು ಚಾಚಿದರೂ ದಪ್ಪ ಅಳತೆಗೆ ಸಿಗದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಯ ನೆತ್ತಿಗೆ ಒಂದೇ ಒಂದು ಬೆಳಕಿಂಡಿ. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ ಬೆಸೆಸಿದ. ಹಳೆಯ ಜಾಲಿಮರದ ಬಾಗಿಲಿಗೆ ತಗಡು ಹೊಡೆಸಿ, ಹೆಬ್ಬೆರಳಿಟ್ಟರೆ ತೆರೆಯುವ ಬೀಗ ಕೂಡಿಸಿದ, ನಡುಮನೆಯಲ್ಲೂ ಒಂದು ಕ್ಯಾಮರಾ ಹಾಕಿದ. ಬೆಳಕಿಂಡಿಯ ಜಾಲರಿ ಮಾತ್ರ ಇನ್ನೂ ವೆಲ್ಡಿಂಗ್ ಅಂಗಡಿಯಲ್ಲಿತ್ತು.

ಒಳಮನೆಯ ನೆಲದಲ್ಲಿ ಒಂದು ಹಗೇವು ಇತ್ತು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಒಂದಾಳು. ಶಿವಪ್ರಕಾಶ ಅದನ್ನು ಬಳಿಸಿ, ಒಂದು ಏಣಿ ಇಳಿಬಿಟ್ಟು, ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿದ. ಮುಚ್ಚಿದರೆ ತಾನಾಗಿ ಬೀಗ ಬೀಳಬೇಕು, ತೆರೆಯಲು ಅವನ ಹೆಬ್ಬೆರಳೋ ಮಗಳ ಹೆಬ್ಬೆರಳೋ ಬೇಕು, ಒಳಗಿನಿಂದಾದರೆ ಒಂದು ಬಟನ್ ಒತ್ತಿದರೆ ಸಾಕು. ಇದನ್ನು ಕಂಡು ಅವನ ಹೆಂಡತಿ ಸುನಿತಾ ಸುಮ್ಮನಿರಲಿಲ್ಲ. ಅವಳು ಆಳಂದದಲ್ಲಿ ನರ್ಸು. ಹಗೇವಿನ ಗಾಳಿ ಕೆಟ್ಟದ್ದು, ಜೋಳ ತೆಗೆಯಲು ಇಳಿದವರು ಹೆಣವಾಗಿ ಮೇಲೆ ಬಂದದ್ದು ನಮ್ಮ ಕಡೆ ಹೊಸದಲ್ಲ ಎಂದಳು. ಅದು ಜೋಳವಿದ್ದಾಗಿನ ಮಾತು, ಖಾಲಿ ಗುಂಡಿಗೆ ಏನಾಗುತ್ತದೆ ಎಂದು ಅವನು ಅವಳ ಮಾತನ್ನು ಹೊಡೆದುಹಾಕಿದ.

ಮಗಳಿಗೆ ಪಾಠವಾಯಿತು. ಯಾರಾದರೂ ಒಳಗೆ ನುಗ್ಗಿದರೆ ಓಡಿಹೋಗಿ ಹಗೇವಿನಲ್ಲಿ ಇಳಿ, ಮುಚ್ಚಳ ಎಳೆದುಕೋ. ಹೆಸರು ಹಿಡಿದು ಕೂಗಿದರೂ ಓ ಅನ್ನಬೇಡ. ಎರಡನೆಯ ತರಗತಿಯ ಸೃಷ್ಟಿ, "ನೀನೇ ಕೂಗಿದ್ರ ಪಪ್ಪಾ?" ಎಂದು ಕೇಳಿದಳು.

"ಈಗಿನ ಕಳ್ಳರು ಧ್ವನೀನೂ ಕದೀತಾರ. ಬಾಗಿಲದಿಂದ ಬಂದಾಂವ ನಾನು. ಬ್ಯಾರೆ ಕಡಿಯಿಂದ ಬಂದಾಂವ ನಾ ಅಲ್ಲ. ತಿಳೀತಿಲ್ಲೋ?"

ಮಗಳು ತಲೆಯಾಡಿಸಿದಳು. ಅಡುಗೆಮನೆಯಿಂದ ಸುನಿತಾ, ಪಕ್ಕದ ಆಯಿಯೂ ಇದನ್ನೇ ಅಲ್ಲವೇ ಹೇಳಿದ್ದು ಎಂದಳು. ಅವನಿಗೆ ಆ ಹೋಲಿಕೆ ಹಿಡಿಸಲಿಲ್ಲ.

ಬೇಸಿಗೆ ರಜೆ ಬಂತು. ಸುನಿತಾ ಕೆಲಸಕ್ಕೆ ಹೋಗುವಾಗ ಮಗಳನ್ನು ಗುರುಶಾಂತಮ್ಮನ ಮನೆಯಲ್ಲಿ ಬಿಡೋಣವೆಂದಳು. ಬಾಗಿಲು ಹಾಕಲು ಬಾರದವರ ಮನೆಯಲ್ಲೇ ಎಂದು ಅವನು ಮುಖ ಕಿವುಚಿದ. ತಾನೇ ಮನೆಯಲ್ಲಿರುವುದಾಗಿ ಹೇಳಿದ. ಹಾಗೇ ಇದ್ದ ಕೂಡ, ಅಣ್ಣಾರಾಯನ ಬೇಳೆ ಮಿಲ್ಲಿನಿಂದ ಕರೆ ಬರುವವರೆಗೆ.

ಮಿಲ್ಲು ಊರ ಅಂಚಿನಲ್ಲೇ. ತೊಗರಿಯ ಗೋದಾಮಿಗೆ ಕ್ಯಾಮರಾ ಹಾಕಿಸಲು ಅಣ್ಣಾರಾಯ ಅಂತೂ ಒಪ್ಪಿದ್ದ. ಮಧ್ಯಾಹ್ನದ ಹೊತ್ತು. ಸೃಷ್ಟಿ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದಳು. ಅವನು ಬಾಗಿಲೆಳೆದು, ಬೀಗ ಬಿದ್ದ ಸದ್ದು ಕೇಳಿ, ತಗಡಿನ ಮೇಲೆ ಸಮಾಧಾನದಿಂದ ಒಮ್ಮೆ ಬಡಿದು ಹೋದ. ಮಿಲ್ಲಿನಲ್ಲಿ ಅಣ್ಣಾರಾಯನಿಗೆ ಮೊಬೈಲಿನಲ್ಲಿ ಮಗಳು ಮಲಗಿದ್ದನ್ನು ತೋರಿಸಿದ. "ನೋಡ್ರಿ, ನಾ ಇಲ್ಲೇ ಕುಂತು ಅಲ್ಲಿ ಕಾವಲು ಕಾಯಾಕತ್ತೇನಿ. ನಿಮ್ಮ ನಾಯಿ ಹಿಂಗ ಕಾಯ್ತದೇನು?"

ಅಣ್ಣಾರಾಯ ಸ್ಥೂಲ ದೇಹದ, ನಿಧಾನ ಮಾತಿನ ಮನುಷ್ಯ. ನಾಯಿಗೆ ಕರೆಂಟು ಬೇಕಾಗುವುದಿಲ್ಲ ಎಂದ.

ಅವನ ಬಾಯಿಯ ಮಾತು ಬಾಯಲ್ಲಿರುವಾಗಲೇ ಮಿಲ್ಲಿನ ಯಂತ್ರಗಳು ನರಳಿ ನಿಂತವು. ಮೊಬೈಲಿನಲ್ಲಿ ಮಗಳ ಚಿತ್ರ ಕಪ್ಪಾಯಿತು. ಕರೆಂಟು ಹೋದಾಗ ಕ್ಯಾಮರಾವನ್ನು ಬ್ಯಾಟರಿ ನಡೆಸಬೇಕಿತ್ತು, ನಡೆಸಲಿಲ್ಲ. ಶಿವಪ್ರಕಾಶ ಸ್ವಲ್ಪ ಹೊತ್ತು ತನ್ನ ಸರಕಿನ ಮೇಲಿನ ಅಭಿಮಾನದಿಂದ ಕಾದ. ಆಮೇಲೆ ಎದ್ದ.

ಬಿಸಿಲಿನಲ್ಲಿ ಓಣಿ ಬಿಕೋ ಎನ್ನುತ್ತಿತ್ತು. ಬೇವಿನ ಮರದಲ್ಲಿ ಕಾಗೆಯೂ ಬಾಯಿ ತೆರೆದು ಸುಮ್ಮನೆ ಕೂತಿತ್ತು. ಪಶ್ಚಿಮಕ್ಕೆ ಮುಖ ಮಾಡಿದ ತಗಡಿನ ಬಾಗಿಲು ಹಂಚಿನಂತೆ ಕಾದಿತ್ತು. ಹೆಬ್ಬೆರಳಿಟ್ಟ. ಬೀಗ ಸತ್ತಿತ್ತು. ಒಳಗಿನ ಬ್ಯಾಟರಿ ಉಬ್ಬಿ ಮುಖದ ಗಾಜು ಬಿರುಕು ಬಿಟ್ಟಿತ್ತು. ಇಂಥ ಹೊತ್ತಿಗೆಂದೇ ಒಂದು ಕಬ್ಬಿಣದ ಕೀಲಿ ಇರುತ್ತದೆ. ಅದು ಒಳಗೆ ಅಲಮಾರಿಯಲ್ಲಿತ್ತು. ಕೀಲಿಯನ್ನು ಹೊರಗೆ ಬಚ್ಚಿಡುವವರು ದಡ್ಡರೆಂದು ಅವನೇ ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದ.

ಬಾಗಿಲು ಬಡಿದ. ಕೂಗಿದ. ಸೃಷ್ಟಿ ಓ ಅನ್ನಲಿಲ್ಲ.

ಗುರುಶಾಂತಮ್ಮ ಹೊರಗೆ ಬಂದಳು. ಕೂಸು ಬಡಿತಕ್ಕೆ ಬೆದರಿರಬೇಕು, ಸುಮ್ಮನೆ ಮೆಲ್ಲಗೆ ಮಾತಾಡಿಸು. ಆಗದಿದ್ದರೆ ಅಣ್ಣಾರಾಯನ ಆಳುಗಳನ್ನು ಕರೆದು ಬಾಗಿಲು ಒಡೆಸೋಣ ಎಂದಳು. ಬೀಗ ಮಾರುವವನ ಬಾಗಿಲನ್ನು ಹಾರೆಯಿಂದ ಒಡೆಯುವುದು, ಅದನ್ನು ಊರು ನಿಂತು ನೋಡುವುದು, ಚಹಾದಂಗಡಿಯಲ್ಲಿ ಅದೇ ಮಾತಾಗುವುದು, ಎಲ್ಲವೂ ಅವನ ಕಣ್ಣ ಮುಂದೆ ಒಮ್ಮೆಲೇ ಹಾದುಹೋಯಿತು. ಕೇಳದೆಯೇ ಮುದುಕಿಯ ಮನೆಯೊಳಗೆ ನುಗ್ಗಿ ಅವಳ ಮೆಟ್ಟಿಲು ಹತ್ತಿದ. ಈ ಕಡೆಯ ಮನೆಗಳ ಮಾಳಿಗೆಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಬೇಸಿಗೆಯಲ್ಲಿ ಹಾಸಿಗೆ ಹೊತ್ತು, ಹಪ್ಪಳ ಒಣಗಿಸಿ, ಜನ ಒಂದರಿಂದ ಒಂದಕ್ಕೆ ನಡೆದಾಡುತ್ತಲೇ ಇರುತ್ತಾರೆ. ಚಿಲಕ ಸಿಕ್ಕಿಕೊಂಡಾಗ ಬೆಳಕಿಂಡಿಯಿಂದ ಇಳಿಯುವುದೂ ಹೊಸದಲ್ಲ. ಈ ಒಂದು ಮನೆಯಲ್ಲಿ ಮಾತ್ರ ಯಾರೂ ಇಳಿದಿರಲಿಲ್ಲ.

"ಇಳೀಬ್ಯಾಡ," ಎಂದಳು ಮುದುಕಿ ಮೆಟ್ಟಿಲ ಬುಡದಿಂದ. "ನಿನ್ನ ಕಾಲಿಗಿ ಬೀಳ್ತೇನಿ, ಇಳೀಬ್ಯಾಡ."

"ಬೆಳಕಿಂಡಿಯಾಗ ಪಾರಿವಾಳ ಇಳೀತಾವ, ನಾನೂ ಇಳೀತೇನಿ," ಎಂದ ಅವನು.

ಕಾದ ಮಣ್ಣಿನ ಮೇಲೆ ಧಪಧಪ ಹೆಜ್ಜೆ ಹಾಕುತ್ತ ಹೋದ. ಕೆಳಗೆ ಪುಟ್ಟ ಕಾಲುಗಳು ಓಡಿದ ಸದ್ದು ಕೇಳಿತು. ಎದ್ದಾಳೆ ಎಂದು ಸಮಾಧಾನವಾಯಿತು. ಅದರ ಹಿಂದೆಯೇ ಟಕ್ಕೆಂದು ಇನ್ನೊಂದು ಸದ್ದು. ತಾನೇ ಮಾರುವ ಸರಕಿನ ಸದ್ದು. ಅವಸರದಲ್ಲಿ ಅವನ ಕಿವಿ ಅದನ್ನು ಗುರುತಿಸಲಿಲ್ಲ. ಬೆಳಕಿಂಡಿಯ ಕಲ್ಲಿಗೆ ಜೋತುಬಿದ್ದು ಕೈಬಿಟ್ಟ.

ಜೋಳದ ಚೀಲಗಳ ಮೇಲೆ ಬಿದ್ದ. ಬಿದ್ದ ಕ್ಷಣವೇ ತಿಳಿದದ್ದು ಚಳಿ. ಹೊರಗೆ ಕಲ್ಲು ಸಿಡಿಯುವ ಬಿಸಿಲು. ಒಳಗೆ ಬೆವರು ಬೆನ್ನಿನ ಮೇಲೆ ಹಿಮದಂತೆ ಕೂತಿತು. ಬೆಳಕಿಂಡಿಯಿಂದ ಬಿಸಿಲಿನ ಕಂಬವೊಂದು ನೆಲದವರೆಗೆ ನಿಂತಿತ್ತು, ಆದರೆ ಆ ಬೆಳಕು ಅಕ್ಕಪಕ್ಕಕ್ಕೆ ಹರಡುತ್ತಿರಲಿಲ್ಲ. ಕಂಬದಾಚೆ ಒಂದು ಗೇಣಿಗೆ ಕತ್ತಲೆ. ಹಳೆ ಜೋಳದ ಮುಗ್ಗಲು, ಹಸಿಮಣ್ಣು, ಇವೆರಡರ ಅಡಿಯಲ್ಲಿ ಇನ್ನೊಂದು ವಾಸನೆ. ಕೂದಲು ಸುಟ್ಟಂತೆ. ಹೊರಗಿನ ಒಂದು ಸದ್ದೂ ಒಳಗೆ ಬರುತ್ತಿರಲಿಲ್ಲ. ತಲೆಬಾಗಿಲ ಕಡೆಯಿಂದ ಮಾತ್ರ, ಹೊಸ್ತಿಲ ಕೆಳಗಿನಿಂದ, ಏನೋ ಮಗ್ಗಲು ಬದಲಿಸಿದಂತೆ ಮಣ್ಣು ಜರಿಯುತ್ತಿತ್ತು.

ಇಲಿ ಎಂದುಕೊಂಡ.

"ಸೃಷ್ಟಿ," ಎಂದ. ದನಿ ಬಾಯಿಂದ ಆಚೆ ಹೋಗದೆ ಅಲ್ಲೇ ಬಿತ್ತು.

ಬೀಳುವಾಗ ಕೈ ತಗುಲಿ ಗೋಡೆಯ ಫೋಟೋ ಓರೆಯಾಗಿತ್ತು. ಅಭ್ಯಾಸಬಲದಿಂದ ಅದನ್ನು ಹಿಡಿದು ನೆಟ್ಟಗೆ ಮಾಡಿದ. ಅವನ ಮದುವೆಯ ಫೋಟೋ. ಬಾಸಿಂಗ ಕಟ್ಟಿಕೊಂಡ ಸುನಿತಾ ಹಾಗೆಯೇ ಇದ್ದಳು. ಅವಳ ಪಕ್ಕದಲ್ಲಿ ನಿಂತವನ ಮುಖ ಅವನದಲ್ಲ. ಮುಖವೇ ಇರಲಿಲ್ಲ ಎಂದಲ್ಲ. ಮೂಗು, ಕಣ್ಣು, ಮೀಸೆ ಎಲ್ಲವೂ ಇದ್ದವು. ಯಾವುದೋ ಬಸ್ಸಿನಲ್ಲಿ ಕಂಡು ಮರೆತ ಯಾರದೋ ಮುಖ.

ಕತ್ತಲಿಗೆ ಕಣ್ಣು ಹೊಂದಿಲ್ಲ ಎಂದುಕೊಂಡ. ಗಂಟಲು ಒಣಗಿತ್ತು. ಬಿಂದಿಗೆಯಿಂದ ಒಂದು ತಂಬಿಗೆ ನೀರು ಗಟಗಟ ಕುಡಿದ. ನೀರು ಇಳಿದದ್ದು ಗೊತ್ತಾಯಿತು, ನೀರಡಿಕೆ ಹೋಗಲಿಲ್ಲ. ಇನ್ನೊಂದು ತಂಬಿಗೆ ಕುಡಿದ. ನಾಲಿಗೆ ಮರಳಿನಂತೆಯೇ ಇತ್ತು. ಬ್ಯಾಟರಿ ಬೆಳಕಿಗೆಂದು ಮೊಬೈಲು ತೆಗೆದು ಹೆಬ್ಬೆರಳಿಟ್ಟ. ತೆರೆಯಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಇಟ್ಟ. ಮುಖ ತೋರಿಸಿದ. ಬೇರೆ ಯಾರದೋ ಮೊಬೈಲು ಹಿಡಿದ ಕಳ್ಳನಿಗೆ ಹೇಗೋ ಹಾಗೆ ಅದು ಬಾಯಿ ಮುಚ್ಚಿಕೊಂಡಿತ್ತು.

ಆಗ ಒಳಮನೆಯಿಂದ ಒಂದು ಸದ್ದು. ಕಬ್ಬಿಣಕ್ಕೆ ಒಳಗಿನಿಂದ ಪುಟ್ಟ ಮುಷ್ಟಿ ಬಡಿದ ಸದ್ದು.

ಓಡಿದ. ಹಗೇವಿನ ಮುಚ್ಚಳ ಬಿಗಿಯಾಗಿ ಮುಚ್ಚಿತ್ತು. ಮಾಳಿಗೆಯ ಮೇಲೆ ನಡೆದವನು ಯಾರು, ಮಗಳು ಓಡಿದ್ದು ಯಾರಿಗೆ ಅಂಜಿ, ಟಕ್ಕೆಂದದ್ದು ಏನು, ಎಲ್ಲವೂ ಈಗ ತಿಳಿಯಿತು. ಮುಚ್ಚಳದ ಬೀಗಕ್ಕೆ ಹೆಬ್ಬೆರಳಿಟ್ಟ. ಕೆಂಪು ದೀಪ. ಈ ಬೀಗ ಸತ್ತಿರಲಿಲ್ಲ. ಇದಕ್ಕೆ ಜೀವವಿತ್ತು. ಅವನನ್ನು ಗುರುತಿಸಲಿಲ್ಲ, ಅಷ್ಟೇ. ಮತ್ತೆ ಕೆಂಪು. ಮತ್ತೆ ಕೆಂಪು.

"ಸೃಷ್ಟಿ, ಬಟನ್ ಒತ್ತವ್ವಾ. ಒಳಗ ಬಟನ್ ಅದ. ನಾನು ಪಪ್ಪ."

ಬಡಿತ ನಿಂತಿತು. ಒಳಗೆ ಉಸಿರು ಬಿಗಿಹಿಡಿದ ಮೌನ. ಕಲಿಸಿದ ಪಾಠವನ್ನು ಮಗಳು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು.

ಬೇಡಿಕೊಂಡ. ಗದರಿಸಿದ. ಅವಳಿಗೆ ತಾನು ಹೇಳುತ್ತಿದ್ದ ಮುದ್ದಿನ ಹೆಸರೆಲ್ಲ ಹೇಳಿದ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಕೆಮ್ಮು ಬಂತು. ಕೆಮ್ಮು ಎಳೆಯುತ್ತಿತ್ತು. ಬಟನ್ನಿನ ಮೇಲೆ ಬೆರಳು ಸವರಿದಂತೆ ಒಂದು ಸದ್ದು, ಆಮೇಲೆ ಏಣಿಯಿಂದ ಏನೋ ಮೆತ್ತಗಿನದು ಜಾರಿ ಬಿದ್ದ ಸದ್ದು.

ತಲೆಬಾಗಿಲಿಗೆ ಹಾರಿದ. ಅಲಮಾರಿಯ ಕೀಲಿ ತಂದು ಬೀಗಕ್ಕೆ ಹಾಕಿದ, ತಿರುಗಲಿಲ್ಲ. ತಗಡಿನ ಸಂದಿಯಲ್ಲಿ ಬಾಯಿಟ್ಟು ಕೂಗಿದ. ಆ ಬದಿಯಲ್ಲಿ ಗುರುಶಾಂತಮ್ಮ ಅಲ್ಲೇ ಇದ್ದಳು. ಅವಳ ದನಿ ತೀರ ತಗ್ಗಿತ್ತು.

"ಏನೇನು ಮುಟ್ಟಿದಿ?"

ಬೆಳಿಗ್ಗೆಯಾಗಿದ್ದರೆ ನಗುತ್ತಿದ್ದ. ಈಗ ಶಾಲೆಯ ಹುಡುಗನಂತೆ ಉತ್ತರ ಕೊಟ್ಟ. "ಫೋಟೋ. ನೀರು. ಮೊಬೈಲು. ಬೀಗ. ಕೀಲಿ."

"ಕೂಸು?"

"ಇನ್ನಾ ಇಲ್ಲ. ಹಗೇವದಾಗ ಬಿದ್ದದ. ಮಾತಾಡವಲ್ದು."

"ಮುಟ್ಟಬ್ಯಾಡ. ಅಣ್ಣಾರಾಯಗ ಹೇಳಿ ಕಳಿಸೇನಿ, ಹಾರೆ ತಗೊಂಡು ಬರಾಕತ್ಯಾನ. ಬಾಗಿಲು ಒಡದು ನಾ ಬರ್ತೇನಿ ಹೊಸ್ತಿಲು ದಾಟಿ. ನಾ ಎತ್ತತೇನಿ. ನೀ ಮುಚ್ಚಳ ತಗದು ಗಾಳಿ ಬಿಡು, ಕೈ ಕಟಗೊಂಡು ನಿಂದ್ರು. ಕೂಸಿಗಿ ಕೈ ಹಚ್ಚಬ್ಯಾಡ ತಮ್ಮಾ. ನಿಂದಾಗಿ ಉಳಿಯಂಗಿಲ್ಲ."

ಮೂಲೆಯಲ್ಲಿ ನೆಲ ಅಗೆದಾಗಿನ ಹಾರೆಯಿತ್ತು. ತಂದು ಮುಚ್ಚಳದ ಬೀಗದ ಸಂದಿಗೆ ತೂರಿಸಿ ಮೀಟಿದ. ಅವನು ಗಟ್ಟಿ ಸರಕನ್ನೇ ಹಾಕಿಸಿದ್ದ. ಕಬ್ಬಿಣ ಕಿರುಗುಟ್ಟಿತು, ಬಗ್ಗಲಿಲ್ಲ. ಅಂಗೈಯ ತೊಗಲು ಕಿತ್ತಿತು. ಎಲ್ಲೋ ದೂರದಲ್ಲಿ, ನೀರಿನಡಿಯಿಂದ ಕೇಳಿದಂತೆ, ತಲೆಬಾಗಿಲ ತಗಡಿಗೆ ಏಟು ಬೀಳತೊಡಗಿತು. ಒಂದು ಏಟು. ಬಹಳ ಹೊತ್ತು. ಇನ್ನೊಂದು. ಅದೂ ಗಟ್ಟಿ ಸರಕೇ.

ಬೀಗ ಮುರಿಯಿತು. ಮುಚ್ಚಳ ತೆರೆಯಿತು. ಒಳಗಿನಿಂದ ಬೆಚ್ಚಗಿನ, ಕೊಳೆತ ಗಾಳಿ ಮುಖಕ್ಕೆ ಬಡಿಯಿತು. ಗುಂಡಿಯ ತಳದಲ್ಲಿ ಹಳದಿ ಫ್ರಾಕು. ಒಂದು ಕೈ ಏಣಿಯ ಕೆಳಗಿನ ಮೆಟ್ಟಿಲ ಮೇಲೆ.

ಬಾಯಿಂದ ಉಸಿರು ಕೇಳುತ್ತಿತ್ತು. ಸಣ್ಣಗೆ, ಸೀಳು ಪೀಪಿಯಂತೆ.

ಅವನು ಗುಂಡಿಯ ಬಾಯಲ್ಲಿ ಕುಕ್ಕರಿಸಿದ. ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡ. ಏಟು ಬಿತ್ತು. ಬಾಗಿಲು ಜಗ್ಗಲಿಲ್ಲ. ಎದೆಯ ಮೇಲಿನ ಲಿಂಗದ ಕಡೆಗೆ ಕೈ ತಾನಾಗಿ ಹೋಯಿತು. ಹುಟ್ಟಿದಾಗಿನಿಂದ ಭಯವಾದಾಗಲೆಲ್ಲ ಹೋಗುವ ಕೈ. ನಡುದಾರಿಯಲ್ಲಿ ನಿಂತಿತು. ಮುಟ್ಟಿದರೆ? ಅದೂ? ಮಾಟವನ್ನು ಜಾಡಿಸಿ ಒದೆಯುತ್ತಿದ್ದವನು ತನ್ನ ಎದೆಯನ್ನು ತಾನೇ ಮುಟ್ಟಲು ಅಂಜಿ ಬೆರಳು ಮಡಚಿಕೊಂಡ.

ಉಸಿರು ನಿಂತಿತು.

ಕಾದ. ಮತ್ತೆ ಬಂತು. ಇನ್ನೂ ಸಣ್ಣಗೆ.

ಹೊದಿಕೆಯೊಂದನ್ನು ಎಳೆದು ತಂದ. ಅದರಲ್ಲಿ ಸುತ್ತಿ ಎತ್ತಿದರೆ ಮುಟ್ಟಿದಂತಾಗದು. ಏಣಿಯಿಳಿದ. ತಲೆ ಗಿರ್ರೆಂದಿತು. ಹೊದಿಕೆಯ ಅಂಚು ಮಗಳ ಬೆನ್ನಡಿ ತೂರಿಸಿ ಎತ್ತಿದ. ಮೈ ಜಾರಿತು. ಕುತ್ತಿಗೆ ಹಿಂದಕ್ಕೆ ವಾಲಿತು. ಮತ್ತೆ ಎತ್ತಿದ. ಮತ್ತೆ ಜಾರಿತು. ಕತ್ತಲೆ ಕುತ್ತಿಗೆಯವರೆಗೆ ಬಂದಿತ್ತು. ಹಿಂದಿನಿಂದ, ಹೊಸ್ತಿಲ ಕಡೆಯಿಂದ, ಮಣ್ಣು ಜರಿಯುವ ಸದ್ದು ಈಗ ಒಳಮನೆಯವರೆಗೆ ಬಂದಿತ್ತು. ಗುಂಡಿಯ ಬಾಯಲ್ಲಿ ನಿಂತಿತ್ತು. ಕಾಯುತ್ತಿತ್ತು. ಅವಸರವಿಲ್ಲದೆ. ಕಾವಲುಗಾರನ ತಾಳ್ಮೆಯಿಂದ.

ಉಸಿರು ನಿಂತಿತು. ಕಾದ. ಬರಲಿಲ್ಲ.

ಹೊದಿಕೆ ಬಿಸಾಕಿದ. ಎರಡೂ ಕೈಯಿಂದ ಮಗಳನ್ನು ಬಾಚಿ ಎದೆಗವಚಿಕೊಂಡ. ಬರಿಗೈ. ಬರಿಮೈ. ಅವಳ ಬೆವರಿನ ವಾಸನೆ. ಏಣಿ. ಒಂದು ಮೆಟ್ಟಿಲು. ಇನ್ನೊಂದು. ಗುಂಡಿಯ ಬಾಯಲ್ಲಿ ಏನೋ ಅವನ ಮೋರೆಯ ಮೇಲೆ ತಣ್ಣಗೆ ಉಸಿರಾಡಿ ಬದಿಗೆ ಸರಿಯಿತು. ದಾರಿ ಬಿಟ್ಟಿತು. ಅದರ ಕೆಲಸ ಮುಗಿದಿತ್ತು.

ತಲೆಬಾಗಿಲು ಬಿದ್ದಾಗ ಮೊದಲು ಹೊಸ್ತಿಲು ದಾಟಿದವಳು ಸುನಿತಾ. ಆಳಂದದ ಬಸ್ಸಿನಿಂದ ಇಳಿದು ಏಟಿನ ಸದ್ದು ಕೇಳಿ ಓಡಿ ಬಂದಿದ್ದಳು. ಗಂಡನ ಕೈಯಿಂದ ಮಗಳನ್ನು ಕಸಿದು, ಅಂಗಳದ ಬಿಸಿಲಿನಲ್ಲಿ ಮಲಗಿಸಿ, ಬಾಯಿಗೆ ಬಾಯಿಟ್ಟು ಊದಿದಳು. ಓಣಿಯ ಹೆಂಗಸರು ಸುತ್ತ ನಿಂತರು. ಅಣ್ಣಾರಾಯ ಹಾರೆ ಊರಿಕೊಂಡು ಏದುಸಿರು ಬಿಡುತ್ತಿದ್ದ. ಮಗು ಕೆಮ್ಮಿತು. ಕಾರಿಕೊಂಡಿತು. ಕಣ್ಣು ತೆರೆಯಿತು. ಮಮ್ಮಿ ಎಂದಿತು. ಗುರುಶಾಂತಮ್ಮನನ್ನು ನೋಡಿ ಆಯಿ ಎಂದಿತು.

ಶಿವಪ್ರಕಾಶ ಮುಂದೆ ಬಂದು ಮಂಡಿಯೂರಿದ. ಮಗು ತಾಯಿಯ ಕೊರಳು ಬಿಗಿದು ಹಿಡಿದು, ಅವಳ ಕಿವಿಯ ಹತ್ತಿರ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿತು. "ಮಮ್ಮಿ, ಇಂವನೇ ಮ್ಯಾಲಿಂದ ಇಳದಾಂವ."

ಕಲಬುರಗಿಯ ಡಾಕ್ಟರು ಕೆಟ್ಟ ಗಾಳಿಯಿಂದ ನೆನಪಿಗೆ ಪೆಟ್ಟು ಬಿದ್ದಿದೆ, ದಿನ ಕಳೆದಂತೆ ಸರಿಹೋಗುತ್ತದೆ ಎಂದರು. ಶಿವಪ್ರಕಾಶನಿಗೆ ಆ ಮಾತು ಬೇಕಾಗಿತ್ತು. ಆದರೆ ಮಗಳ ನೆನಪಿನಲ್ಲಿ ಒಂದು ಎಳೆಯೂ ಕಡಿದಿರಲಿಲ್ಲ. ಮಗ್ಗಿ ನೆನಪಿತ್ತು, ಅಫಜಲಪುರದ ಗೆಳತಿಯರು ನೆನಪಿದ್ದರು. ಪಪ್ಪನೂ ನೆನಪಿದ್ದ. ಪಪ್ಪ ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡದ್ದು, ಪಪ್ಪನ ಗಲ್ಲದ ಗಡ್ಡ ಚುಚ್ಚುವುದು, ಎಲ್ಲ ಹೇಳುತ್ತಿದ್ದಳು. ಆ ಪಪ್ಪ ಇವನಲ್ಲ, ಅಷ್ಟೇ. ಇವರೇ ನಿನ್ನ ಪಪ್ಪ ಎಂದು ಸುನಿತಾ ಒಮ್ಮೆ ಅವಳ ಕೈಯನ್ನು ಅವನ ಕೈಯಲ್ಲಿಟ್ಟಳು. ಮಗು ಉಸಿರು ಕಟ್ಟಿ ನೀಲಿಯಾಗುವವರೆಗೆ ಕಿರುಚಿತು. ಎರಡನೆಯ ಸಲ ಯಾರೂ ಆ ಧೈರ್ಯ ಮಾಡಲಿಲ್ಲ.

ಬಂಧನ ಬಿಚ್ಚಿಸಲು ಜೇವರ್ಗಿಯ ಕಡೆಗೆಲ್ಲ ಅಲೆದ. ನಂಬದವನು ಮಾಟಗಾರರ ಕಟ್ಟೆಗಳ ಮೇಲೆ ಚಪ್ಪಲಿ ಬಿಟ್ಟು ಸರದಿಗೆ ಕೂತ. ಹಾಕಿದವನೇ ಬಿಚ್ಚಬೇಕು, ಹಾಕಿದವನು ಸತ್ತು ಮಣ್ಣಾಗಿದ್ದಾನೆ ಎಂದು ಕೈಯೆತ್ತಿದರು. ಚಹಾದಂಗಡಿಯಲ್ಲಿ ಅವನಿಗೆ ಬೀಗದ ಸಾವ್ಕಾರ ಎಂಬ ಹೆಸರು ಬಿತ್ತು. ಗುರುಶಾಂತಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಅವಳು ತಾತ್ಸಾರ ಮಾಡಿದ್ದರೆ ತಾಳಿಕೊಳ್ಳುವುದು ಅವನಿಗೆ ಸುಲಭವಿತ್ತು. ಅವಳು ದಿನಾ ಅವನಿಗೊಂದು ರೊಟ್ಟಿ ತೆಗೆದಿಡತೊಡಗಿದಳು, ಅದು ತಾಳಲಾಗುತ್ತಿರಲಿಲ್ಲ.

ಆ ಮನೆ ಬಿಟ್ಟುಬಿಡೋಣವೆಂದರೆ ಸೃಷ್ಟಿ ಒಪ್ಪಲಿಲ್ಲ. ನಾವು ಹೋದರೆ ಪಪ್ಪ ಬಂದು ಎಲ್ಲಿ ಹುಡುಕಬೇಕು ಎಂದು ಜ್ವರ ಬರಿಸಿಕೊಂ‍ಡಳು. ಹೀಗಾಗಿ ತಾಯಿ ಮಗಳು ಅಲ್ಲೇ ಉಳಿದರು. ಶಿವಪ್ರಕಾಶ ಆಳಂದದ ಅಂಗಡಿಯಲ್ಲಿ ಮಲಗುತ್ತಾನೆ. ಸಂಜೆಯ ಬಸ್ಸಿಗೆ ನರೋಣಕ್ಕೆ ಬಂದು, ಮನೆಯ ಮುಂದಿನ ಕಟ್ಟೆಯ ತುದಿಯಲ್ಲಿ ಕೂರುತ್ತಾನೆ. ಒಳಗೆ ಮಗಳು ಪಾಠ ಓದುವುದು ಕೇಳಿಸುತ್ತದೆ. ಮೊದಮೊದಲು ಅವಳು ಅವನನ್ನು ಕಂಡರೆ ಕಿಟಕಿಯಿಂದ ಸರಿದುಬಿಡುತ್ತಿದ್ದಳು. ಸುನಿತಾ ಅದೇನು ಹೇಳಿ ಒಪ್ಪಿಸಿದಳೋ, ಈಗೀಗ ಸರಿಯುವುದಿಲ್ಲ.

ಮಳೆಗಾಲ ಹಿಡಿದ ಒಂದು ಸಂಜೆ ಅವಳು ಜಾಲರಿಯ ಹಿಂದೆ ಬಂದು ನಿಂತಳು. ಹಲ್ಲೊಂದು ಬಿದ್ದಿತ್ತು. ಅವನು ಅದನ್ನು ಈಗಲೇ ನೋಡಿದ್ದು.

"ಮಾಮಾ, ನೀವು ಕಾವಲು ಕಾಯಾವ್ರಂತ, ಹೌದ್ರಿ?"

ಅವನು ಹೌದೆಂದ.

"ಕಳ್ಳ ಬಂದ್ರ ಒದರ್ತೀರಿ?"

"ಒದರ್ತೇನಿ."

ಅವಳು ವಿಚಾರ ಮಾಡಿದಳು. ಜಾಲರಿಯ ಸಂದಿಯಿಂದ ಅರ್ಧ ತಿಂದ ಬಿಸ್ಕೀಟೊಂದನ್ನು ಹೊರಗೆ ಚಾಚಿ, ಅವನ ಬೆರಳು ತಗುಲದಂತೆ ಕಟ್ಟೆಯ ಮೇಲೆ ಬೀಳಿಸಿದಳು.

"ಹಂಗಾದ್ರ ನಮ್ಮ ಪಪ್ಪ ಬರೂತನಕಾ ಇರ್ರಿ," ಎಂದಳು. "ಅಂವ ಬಂದ ಮ್ಯಾಲ ನೀವು ಮನಿಗಿ ಹೋಗಬಹುದು."

"ಇರ್ತೇನವ್ವಾ," ಎಂದ ಶಿವಪ್ರಕಾಶ.